ಅಪ್‌ಡೇಟ್ ಆದ ಮೇಲೆ ಹಳೆಯ ಡೇಟಾಬೇಸ್ ತೆರೆಯುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಂತ್ರಾಂಶ ಅಪ್‌ಡೇಟ್ ಆದ ಮರುದಿನ ಹಳೆಯ ಡೇಟಾಬೇಸ್ ಬಾಗಿಲು ಹಾಕಿಕೊಂಡು ಕುಳಿತಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಹೆಚ್ಚಿನವರು ಗಾಬರಿಯಲ್ಲಿ ಕೇಳಿದ್ದರು. ಅದಕ್ಕಾಗಿ ಅವಸರದಲ್ಲಿ ಮೊದಲು ಬೇಕಾಗುವ ಉತ್ತರಗಳನ್ನೇ ಮೊದಲು ಇಟ್ಟಿದ್ದೇನೆ.

ನಿನ್ನೆಯವರೆಗೆ ತೆರೆಯುತ್ತಿದ್ದ ಫೈಲ್ ಇವತ್ತು ತೆರೆಯುತ್ತಿಲ್ಲ. ಮಾಹಿತಿ ಅಳಿಸಿಹೋಯಿತೇ?

ಬಹುಮಟ್ಟಿಗೆ ಇಲ್ಲ. ಅಪ್‌ಡೇಟ್ ಬದಲಾಯಿಸುವುದು ಫೈಲನ್ನು ಓದುವ ತಂತ್ರಾಂಶವನ್ನು. ಡಿಸ್ಕ್‌ನಲ್ಲಿರುವ ನಿಮ್ಮ ಫೈಲಿಗೆ ಅದು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಬೀಗ ಬದಲಾಗಿದೆ, ಮನೆಯೊಳಗಿನ ಸಾಮಾನು ಇದ್ದಲ್ಲೇ ಇದೆ. ಫೈಲಿನ ಗಾತ್ರವನ್ನೂ ಕೊನೆಯದಾಗಿ ಬದಲಾದ ದಿನಾಂಕವನ್ನೂ ನೋಡಿ. ಗಾತ್ರ ಹಿಂದಿನ ಬ್ಯಾಕಪ್‌ಗೆ ಹತ್ತಿರವಿದ್ದು, ದಿನಾಂಕ ನೀವು ಕೊನೆಯ ಬಾರಿ ಕೆಲಸ ಮಾಡಿದ ದಿನದ್ದೇ ಆಗಿದ್ದರೆ ಧೈರ್ಯವಾಗಿರಿ.

ಇದಕ್ಕೆ ಒಂದು ಅಪವಾದವಿದೆ. ಕೆಲವು ಸರ್ವರ್ ಡೇಟಾಬೇಸ್‌ಗಳು (ಹಲವರು ನೆಟ್‌ವರ್ಕ್ ಮೂಲಕ ಒಟ್ಟಿಗೆ ಬಳಸುವಂಥವು) ಹೊಸ ಆವೃತ್ತಿಯಲ್ಲಿ ಚಾಲೂ ಆದ ಕೂಡಲೇ ಹಳೆಯ ಫೈಲುಗಳನ್ನು ತಾವಾಗಿಯೇ ಹೊಸ ರೂಪಕ್ಕೆ ತಿರುಗಿಸುತ್ತವೆ. ಆ ವಿಷಯ ಮುಂದೆ ಬರುತ್ತದೆ.

ಮೊಟ್ಟಮೊದಲು ಏನು ಮಾಡಬೇಕು?

ಪ್ರತಿ ಮಾಡಿ. ಬೇರೆ ಏನನ್ನೂ ಮಾಡುವ ಮೊದಲು ಆ ಫೈಲನ್ನು ಇನ್ನೊಂದು ಡಿಸ್ಕ್‌ಗೆ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿ, ನಕಲಿನ ಗುಣಲಕ್ಷಣಗಳಲ್ಲಿ "ಓದಲು ಮಾತ್ರ" ಎಂದು ಗುರುತು ಹಾಕಿ. ಆಮೇಲೆ ಇನ್ನೂ ಒಂದು ನಕಲು ಮಾಡಿಕೊಂಡು ಎಲ್ಲ ಪ್ರಯೋಗಗಳನ್ನು ಅದರ ಮೇಲೆ ಮಾತ್ರ ಮಾಡಿ. ಫೈಲಿನ ಅಕ್ಕಪಕ್ಕದಲ್ಲಿ ಅದೇ ಹೆಸರಿನ ಬೇರೆ ವಿಸ್ತರಣೆಯ (ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಭಾಗ) ಫೈಲುಗಳಿದ್ದರೆ ಅವೂ ಜೊತೆಯಲ್ಲಿ ಹೋಗಬೇಕು. ಡಿಬೇಸ್ ಮತ್ತು ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶಗಳಲ್ಲಿ ಉದ್ದದ ಟಿಪ್ಪಣಿಗಳು ಮುಖ್ಯ ಫೈಲಿನಲ್ಲಿ ಇರುವುದೇ ಇಲ್ಲ. ಡಿಬಿಟಿ ಅಥವಾ ಎಫ್‌ಪಿಟಿ ವಿಸ್ತರಣೆಯ ಪ್ರತ್ಯೇಕ ಫೈಲಿನಲ್ಲಿರುತ್ತವೆ. "ಇದು ಬೇಡದ ಫೈಲ್" ಎಂದು ಅದನ್ನು ಬಿಟ್ಟುಬಂದವರು ಎಷ್ಟೋ ಜನ.

ದೋಷದ ಸಂದೇಶ ಬಂದಿದ್ದರೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. "ಏನೋ ಎರರ್ ಬಂತು" ಎಂದರೆ ಯಾರೂ ಸಹಾಯ ಮಾಡಲಾರರು. ಸಂದೇಶದ ನಿಖರ ಪದಗಳು ಅರ್ಧ ಉತ್ತರ.

ಏನು ಮಾಡಲೇಬಾರದು?

"ಈ ಫೈಲನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕೇ?" ಎಂದು ಕೇಳುವ ಪೆಟ್ಟಿಗೆಗೆ ಮೂಲ ಫೈಲಿನ ಮೇಲೆ "ಹೌದು" ಎನ್ನಬೇಡಿ. "ದುರಸ್ತಿ" ಗುಂಡಿಯನ್ನು ಮೂಲದ ಮೇಲೆ ಒತ್ತಬೇಡಿ. ತಂತ್ರಾಂಶಕ್ಕೆ ಫೈಲಿನ ರೂಪವೇ ಅರ್ಥವಾಗದಿದ್ದಾಗ ಅದು ಮಾಡುವ ದುರಸ್ತಿ, ಭಾಷೆ ಗೊತ್ತಿಲ್ಲದವರು ಕರಡು ತಿದ್ದಿದ ಹಾಗೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಅಕ್ಸೆಸ್‌ನ ಫೈಲಿನ ವಿಸ್ತರಣೆಯನ್ನು ಹಳೆಯ ಎಂಡಿಬಿಯಿಂದ ಹೊಸ ಎಸಿಸಿಡಿಬಿಗೆ ಬದಲಾಯಿಸಿದ ಮಾತ್ರಕ್ಕೆ ಒಳಗಿನ ರೂಪ ಬದಲಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಅಪ್‌ಡೇಟ್ ಎಂದರೆ ಸುಧಾರಣೆ ತಾನೆ? ಹಳೆಯದು ಏಕೆ ಕೆಡಬೇಕು?

ಕಾರಣಗಳು ಮುಖ್ಯವಾಗಿ ಮೂರು ಬಗೆಯವು. ನಿಮ್ಮದು ಯಾವುದೆಂದು ತಿಳಿದರೆ ದಾರಿ ತಾನಾಗಿ ಕಾಣುತ್ತದೆ.

ಒಂದು, ಉದ್ದೇಶಪೂರ್ವಕವಾಗಿ ಕೈಬಿಟ್ಟದ್ದು. ತಯಾರಕರು ಹಳೆಯ ರೂಪವನ್ನು ಓದುವ ಭಾಗವನ್ನೇ ತೆಗೆದುಹಾಕುತ್ತಾರೆ. ಮೈಕ್ರೋಸಾಫ್ಟ್ ಅಕ್ಸೆಸ್ 2013ರಲ್ಲಿ ಅಕ್ಸೆಸ್ 97ರ ಫೈಲುಗಳನ್ನು ತೆರೆಯುವ ಸೌಲಭ್ಯ ಹೋಯಿತು. ಡಿಬೇಸ್ ಫೈಲುಗಳ ಬೆಂಬಲವೂ ಆಗಲೇ ಹೋಯಿತು. ಬಳಕೆದಾರರು ಪಟ್ಟು ಹಿಡಿದು ಕೇಳಿದ ಮೇಲೆ 2016ರಲ್ಲಿ ಆಫೀಸ್ 365 ಚಂದಾದಾರರಿಗೆ ಡಿಬೇಸ್ ಬೆಂಬಲ ಮರಳಿ ಬಂತು. ಕೇಳಿದರೆ ಫಲವಿದೆ ಎಂಬುದಕ್ಕೆ ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಎರಡು, ಅರಿಯದೆ ಆದ ತಪ್ಪು. ಭದ್ರತೆಯ ತೂತು ಮುಚ್ಚಲು ಹೋಗಿ ಸರಿಯಾದ ಫೈಲನ್ನೂ ತಳ್ಳಿಹಾಕುವುದು. ಫೈಲ್ ಓದುವ ಭಾಗಗಳು ದಾಳಿಕೋರರಿಗೆ ಅಚ್ಚುಮೆಚ್ಚಿನ ಜಾಗ, ಹಾಗಾಗಿ ತಯಾರಕರು ಅಲ್ಲಿ ತಪಾಸಣೆಯನ್ನು ಬಿಗಿ ಮಾಡುತ್ತಲೇ ಇರುತ್ತಾರೆ. ಬಿಗಿ ಒಂದು ಸುತ್ತು ಹೆಚ್ಚಾದರೆ ಹಳೆಯ, ನಿರಪಾಯದ ಫೈಲು ಸಿಕ್ಕಿಬೀಳುತ್ತದೆ.

ಮೂರು, ಸುತ್ತಲಿನ ನೆಲ ಜರುಗುವುದು. ಡೇಟಾಬೇಸ್ ತಂತ್ರಾಂಶ ಹಾಗೆಯೇ ಇರುತ್ತದೆ, ಅದರ ಕೆಳಗಿನ ಆಪರೇಟಿಂಗ್ ಸಿಸ್ಟಂ ಬದಲಾಗಿರುತ್ತದೆ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್‌ನ (ಇಂದಿನ 64 ಬಿಟ್‌ಗೆ ಹಿಂದಿನ ಪೀಳಿಗೆಯ) ತಂತ್ರಾಂಶಗಳನ್ನು ನಡೆಸುವುದನ್ನೇ ನಿಲ್ಲಿಸಿತು. ಫೈಲ್ ಚೆನ್ನಾಗಿದೆ, ಅದನ್ನು ತೆರೆಯುತ್ತಿದ್ದ ತಂತ್ರಾಂಶವೇ ಏಳುವುದಿಲ್ಲ.

ನನ್ನ ಫೈಲ್ ಯಾವ ಆವೃತ್ತಿಯದು ಎಂದು ಹೇಗೆ ತಿಳಿಯುವುದು?

ಫೈಲನ್ನೇ ಕೇಳಿ. ಡೇಟಾಬೇಸ್ ಫೈಲುಗಳು ತಮ್ಮ ಹೆಸರನ್ನು ಹಣೆಯ ಮೇಲೆಯೇ ಬರೆದುಕೊಂಡಿರುತ್ತವೆ. ನಕಲನ್ನು ಹೆಕ್ಸ್ ವ್ಯೂವರ್ ಎಂಬ ಚಿಕ್ಕ ತಂತ್ರಾಂಶದಲ್ಲಿ ತೆರೆಯಿರಿ. ಉಚಿತವಾದವು ಬೇಕಾದಷ್ಟಿವೆ. ಎಡಗಡೆ ಎರಡೆರಡು ಅಂಕಿಗಳ ಸಾಲು (ಒಂದೊಂದು ಜೋಡಿಯೂ ಒಂದು ಬೈಟ್), ಬಲಗಡೆ ಓದಲು ಬರುವ ಅಕ್ಷರಗಳು ಕಾಣುತ್ತವೆ.

ಅಕ್ಸೆಸ್ ಫೈಲಾದರೆ ಮೊದಲ ನಾಲ್ಕು ಬೈಟ್‌ಗಳು 00 01 00 00. ಅದರ ಬೆನ್ನಿಗೇ ಇಂಗ್ಲಿಷ್‌ನಲ್ಲಿ "ಸ್ಟ್ಯಾಂಡರ್ಡ್ ಜೆಟ್ ಡಿಬಿ" ಎಂಬ ಪದಗಳು ಕಂಡರೆ ಅದು ಎಂಡಿಬಿ ರೂಪ. "ಸ್ಟ್ಯಾಂಡರ್ಡ್ ಏಸ್ ಡಿಬಿ" ಎಂದಿದ್ದರೆ 2007ರಲ್ಲಿ ಬಂದ ಎಸಿಸಿಡಿಬಿ ರೂಪ. ಜೆಟ್ ಎಂದರೆ ಅಕ್ಸೆಸ್ ಫೈಲನ್ನು ಓದಿ ಬರೆಯುವ ಎಂಜಿನ್, ಏಸ್ ಅದರ ಮುಂದಿನ ಪೀಳಿಗೆ. ಎಂಡಿಬಿ ಆಗಿದ್ದರೆ ಮೊದಲಿನಿಂದ ಎಣಿಸಿ 21ನೇ ಬೈಟ್ ನೋಡಿ. 00 ಇದ್ದರೆ ಅಕ್ಸೆಸ್ 97ರ ಕಾಲದ ಜೆಟ್ 3, 01 ಇದ್ದರೆ 2000ದಿಂದ 2003ರವರೆಗಿನ ಜೆಟ್ 4. ಈ ಒಂದೇ ಒಂದು ಬೈಟ್ ನಿಮ್ಮ ಮುಂದಿನ ಎರಡು ದಿನಗಳ ಕೆಲಸವನ್ನು ನಿರ್ಧರಿಸುತ್ತದೆ.

ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶದ ಫೈಲಿನ ಮೊದಲ 16 ಬೈಟ್‌ಗಳಲ್ಲಿ "ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3" ಎಂದು ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಎಷ್ಟೋ ತಂತ್ರಾಂಶಗಳು ಇದೇ ರೂಪವನ್ನು ಬೇರೆ ವಿಸ್ತರಣೆಯ ಹೆಸರಿನಲ್ಲಿ ಬಳಸುತ್ತವೆ. ಹಾಗಾಗಿ ಹೆಸರೇ ಕೇಳರಿಯದ ಫೈಲಿನಲ್ಲಿ ಈ ಸಾಲು ಕಂಡರೆ ಅರ್ಧ ಗೆದ್ದಂತೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಸರ್ವರ್ ಡೇಟಾಬೇಸ್‌ನ ಡೇಟಾ ಫೋಲ್ಡರಿನಲ್ಲಿ ಪಿಜಿ ವರ್ಷನ್ ಎಂಬ ಪುಟ್ಟ ಪಠ್ಯ ಫೈಲ್ ಇರುತ್ತದೆ. ಅದರೊಳಗೆ ಆವೃತ್ತಿಯ ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ.

ಡಿಬಿಎಫ್ ಫೈಲುಗಳ (ಡಿಬೇಸ್, ಫಾಕ್ಸ್‌ಪ್ರೋಗಳ ಮುಖ್ಯ ಫೈಲುಗಳು) ಮೊದಲ ಬೈಟ್ 03 ಆಗಿದ್ದರೆ ಟಿಪ್ಪಣಿ ಫೈಲ್ ಇಲ್ಲದ ಡಿಬೇಸ್ 3, 83 ಆಗಿದ್ದರೆ ಟಿಪ್ಪಣಿ ಫೈಲ್ ಇರುವ ಡಿಬೇಸ್ 3, 30 ಆಗಿದ್ದರೆ ವಿಶುವಲ್ ಫಾಕ್ಸ್‌ಪ್ರೋ. ಅದರ ಮುಂದಿನ ಮೂರು ಬೈಟ್‌ಗಳು ಫೈಲ್ ಕೊನೆಯ ಬಾರಿ ಬದಲಾದ ವರ್ಷ, ತಿಂಗಳು, ದಿನ. ಆಮೇಲಿನ ನಾಲ್ಕು ಬೈಟ್‌ಗಳು ಒಟ್ಟು ದಾಖಲೆಗಳ ಸಂಖ್ಯೆ. ಒಂದು ಫೈಲ್ ಇಷ್ಟು ಪ್ರಾಮಾಣಿಕವಾಗಿ ತನ್ನ ಪರಿಚಯ ಹೇಳಿಕೊಳ್ಳುವುದನ್ನು ನೋಡಿದಾಗಲೆಲ್ಲ ಅದನ್ನು ರೂಪಿಸಿದವರ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ಅಕ್ಸೆಸ್ 97ರ ಫೈಲ್ ಎಂದು ಗೊತ್ತಾಯಿತು. ಈಗ ಏನು?

ಅಕ್ಸೆಸ್ 2007 ಅಥವಾ 2010 ಇರುವ ಕಂಪ್ಯೂಟರ್ ಹುಡುಕಿ. ಅವೆರಡೂ 97ರ ಫೈಲನ್ನು ತೆರೆದು ಎಸಿಸಿಡಿಬಿ ರೂಪದಲ್ಲಿ ಉಳಿಸಬಲ್ಲವು, ಆಮೇಲೆ ಇಂದಿನ ಅಕ್ಸೆಸ್ ಅದನ್ನು ಸಲೀಸಾಗಿ ಓದುತ್ತದೆ. ಇನ್ನೂ ಹಳೆಯದಾಗಿ ಅಕ್ಸೆಸ್ 2.0 ಅಥವಾ 95ರ ಫೈಲ್ ಆಗಿದ್ದರೆ ಅಕ್ಸೆಸ್ 2003 ಒಂದು ಮೆಟ್ಟಿಲಾಗುತ್ತದೆ.

ಹಳೆಯ ಅಕ್ಸೆಸ್ ಸಿಗದಿದ್ದರೆ ಎರಡು ದಾರಿಗಳಿವೆ. ವಿಂಡೋಸ್‌ನೊಳಗೇ ಇರುವ 32 ಬಿಟ್‌ನ ಜೆಟ್ 4 ಎಂಜಿನ್ 97ರ ರೂಪವನ್ನೂ ಓದುತ್ತದೆ. ಅದರ ಮೂಲಕ ಟೇಬಲ್‌ಗಳನ್ನು ಹೊರತೆಗೆಯಬಹುದು. ಇಲ್ಲವೇ ಎಂಡಿಬಿ ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಬಳಸಿ. ಅದು ಟೇಬಲ್‌ಗಳ ಪಟ್ಟಿ ಕೊಡುತ್ತದೆ, ಒಂದೊಂದನ್ನೂ ಸಿಎಸ್‌ವಿಯಾಗಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಬರೆದುಕೊಡುತ್ತದೆ. ಫಾರ್ಮ್‌ಗಳು, ವರದಿಗಳು, ಮ್ಯಾಕ್ರೋಗಳು ಹೀಗೆ ಬರುವುದಿಲ್ಲ. ಆದರೆ ಮಾಹಿತಿ ಬರುತ್ತದೆ, ನಮಗೆ ಮೊದಲು ಬೇಕಾದದ್ದು ಅದೇ.

ಒಂದು ಎಚ್ಚರಿಕೆ: ಎಂಡಿಬಿಯಲ್ಲಿ ಬಳಕೆದಾರರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಅನುಮತಿ ಕೊಡುವ ವ್ಯವಸ್ಥೆ ಇತ್ತು. ಎಸಿಸಿಡಿಬಿಯಲ್ಲಿ ಅದು ಇಲ್ಲ. ಪರಿವರ್ತಿಸಿದ ಮೇಲೆ ಎಲ್ಲರಿಗೂ ಎಲ್ಲವೂ ಕಾಣಬಹುದು.

ಫೈಲಿನ ರೂಪವೇ ಗೊತ್ತಾಗುತ್ತಿಲ್ಲ ಎನ್ನುತ್ತಿದೆ. ಫೈಲ್ ಕೆಟ್ಟಿದೆಯೇ?

ಕೆಟ್ಟಿರಲೇಬೇಕೆಂದಿಲ್ಲ. 2019ರ ಜನವರಿ 8ರಂದು ಬಂದ ವಿಂಡೋಸ್ ಅಪ್‌ಡೇಟ್‌ಗಳನ್ನು ಹಾಕಿಕೊಂಡವರಲ್ಲಿ ಅಕ್ಸೆಸ್ 97 ರೂಪದ ಕೆಲವು ಡೇಟಾಬೇಸ್‌ಗಳು ಇದೇ ಅರ್ಥದ ಸಂದೇಶ ಕೊಟ್ಟು ತೆರೆಯಲೇ ಇಲ್ಲ. ಕೆಲವು ಮಾತ್ರ ಏಕೆ? ಯಾವುದಾದರೊಂದು ಕಾಲಂನ ಹೆಸರು 32 ಅಕ್ಷರಗಳಿಗಿಂತ ಉದ್ದವಾಗಿದ್ದರೆ ಆ ಫೈಲ್ ಸಿಕ್ಕಿಬೀಳುತ್ತಿತ್ತು. "ಹತ್ತಿರದ ನೀರಿನ ಸೆಲೆಯಿಂದ ಇರುವ ದೂರ, ಮೀಟರ್‌ಗಳಲ್ಲಿ" ಎಂಬಂಥ ಒಂದು ಹೆಸರನ್ನು ಯಾರೋ ಶ್ರದ್ಧೆಯಿಂದ ಇಂಗ್ಲಿಷ್‌ನಲ್ಲಿ ಪೂರ್ತಿಯಾಗಿ ಬರೆದಿದ್ದರೆ ಅಷ್ಟೇ ಸಾಕು, ಇಡೀ ಡೇಟಾಬೇಸ್ ಮುಚ್ಚಿಹೋಗುತ್ತಿತ್ತು. ಸೋಮಾರಿತನದಿಂದ ಎರಡಕ್ಷರದ ಹೆಸರು ಇಟ್ಟವರಿಗೆ ಏನೂ ಆಗಲಿಲ್ಲ. ಫೆಬ್ರವರಿ 12ರ ಅಪ್‌ಡೇಟ್‌ಗಳು ಇದನ್ನು ಸರಿಪಡಿಸಿದವು. ಆ ನಡುವಿನ ಐದು ವಾರಗಳಲ್ಲಿ "ಫೈಲ್ ಕೆಟ್ಟಿದೆ" ಎಂದು ನಂಬಿ ಮೂಲವನ್ನೇ ದುರಸ್ತಿಗೆ ಒಡ್ಡಿದ್ದರೆ, ಅಪ್‌ಡೇಟ್ ಮಾಡದ ಹಾನಿಯನ್ನು ನಾವೇ ಮಾಡಿಕೊಂಡಂತೆ.

ಇಂಥವು ಇನ್ನೂ ಇವೆ. 2017ರ ಅಕ್ಟೋಬರ್‌ನ ಅಪ್‌ಡೇಟ್‌ಗಳ ನಂತರ ಜೆಟ್ ಮೂಲಕ ಹಳೆಯ ಎಕ್ಸೆಲ್ ಫೈಲುಗಳನ್ನು ಓದುತ್ತಿದ್ದ ತಂತ್ರಾಂಶಗಳು ನಿಂತವು. ಜೆಟ್ ಬದಲು ಏಸ್ ಎಂಜಿನ್ ಬಳಸುವುದು ಆಗಿನ ಪರಿಹಾರವಾಗಿತ್ತು. 2019ರ ನವೆಂಬರ್‌ನಲ್ಲಿ ಅಕ್ಸೆಸ್‌ನ ಸರಿಯಾದ ಕ್ವೆರಿಗಳೇ (ಮಾಹಿತಿ ಕೇಳುವ, ಬದಲಿಸುವ ಆದೇಶಗಳು) "ಕೆಟ್ಟಿವೆ" ಎಂದು 3340 ಸಂಖ್ಯೆಯ ದೋಷ ಬರತೊಡಗಿತು, ಅದನ್ನು ಸರಿಪಡಿಸುವ ಅಪ್‌ಡೇಟ್‌ಗಳು ಮುಂದಿನ ವಾರಗಳಲ್ಲಿ ಬಂದವು. ಆದ್ದರಿಂದ ದೋಷ ಅಪ್‌ಡೇಟ್ ಆದ ದಿನವೇ ಶುರುವಾಗಿದ್ದರೆ ಮೊದಲ ಅನುಮಾನ ಅಪ್‌ಡೇಟ್ ಮೇಲಿರಲಿ. ದೋಷ ಸಂದೇಶವನ್ನೂ ಅಪ್‌ಡೇಟ್‌ನ ಸಂಖ್ಯೆಯನ್ನೂ ಸೇರಿಸಿ ಹುಡುಕಿ. ತಯಾರಕರು ಒಪ್ಪಿಕೊಂಡ ದೋಷವಾದರೆ ಅವರ ಪುಟದಲ್ಲೇ ಸಿಗುತ್ತದೆ.

ಅಪ್‌ಡೇಟನ್ನು ತೆಗೆದುಹಾಕಬಹುದೇ?

ತಾತ್ಕಾಲಿಕವಾಗಿ, ಕೆಲಸ ನಿಂತೇಹೋಗಿದ್ದರೆ, ಹೌದು. ವಿಂಡೋಸ್‌ನ ಅಪ್‌ಡೇಟ್ ಇತಿಹಾಸದ ಪುಟದಲ್ಲಿ ತೆಗೆದುಹಾಕುವ ಆಯ್ಕೆ ಇದೆ. ವಿಂಡೋಸ್‌ನ ಇಡೀ ಆವೃತ್ತಿಯೇ ಬದಲಾಗಿದ್ದರೆ ಹಿಂದಕ್ಕೆ ಹೋಗಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಇರುತ್ತದೆ.

ಆದರೆ ಅದನ್ನು ಹಾಗೆಯೇ ಬಿಡಬೇಡಿ. ತೆಗೆದ ಅಪ್‌ಡೇಟ್‌ನ ಜೊತೆ ಭದ್ರತೆಯ ತಿದ್ದುಪಡಿಗಳೂ ಹೋಗಿರುತ್ತವೆ. ಹಿಂದಕ್ಕೆ ಹೋದ ಆ ಕೆಲವು ಗಂಟೆಗಳಲ್ಲಿ ಮಾಹಿತಿಯನ್ನು ಪೂರ್ತಿಯಾಗಿ ಹೊರತೆಗೆದುಕೊಳ್ಳಿ, ಆಮೇಲೆ ಅಪ್‌ಡೇಟನ್ನು ಮರಳಿ ಹಾಕಿ. ಒಂದು ಹಳೆಯ ಫೈಲಿಗಾಗಿ ಇಡೀ ಕಂಪ್ಯೂಟರನ್ನು ವರ್ಷಗಟ್ಟಲೆ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್‌ಗೆ ಒಡ್ಡುವುದನ್ನು ನಾನು ಒಪ್ಪುವುದಿಲ್ಲ.

"ಪ್ರೊವೈಡರ್ ನೋಂದಣಿಯಾಗಿಲ್ಲ" ಎಂಬ ಸಂದೇಶ ಬರುತ್ತಿದೆ.

ಪ್ರೊವೈಡರ್ ಎಂದರೆ ಬೇರೆ ತಂತ್ರಾಂಶಗಳಿಗೆ ಡೇಟಾಬೇಸನ್ನು ಓದಿಕೊಡುವ ಕೊಂಡಿ. ಇದು ಬಹುಪಾಲು 32 ಮತ್ತು 64 ಬಿಟ್‌ನ ಜಗಳ. ಹಳೆಯ ಜೆಟ್ ಪ್ರೊವೈಡರ್ 32 ಬಿಟ್‌ನಲ್ಲಿ ಮಾತ್ರ ಇದೆ, 64 ಬಿಟ್‌ನದ್ದು ಬರಲೇ ಇಲ್ಲ. ಆಫೀಸ್ 2019ರಿಂದೀಚೆಗೆ, ನೀವು ಬೇರೆ ಹೇಳದಿದ್ದರೆ, 64 ಬಿಟ್‌ನ ಆಫೀಸೇ ಸ್ಥಾಪನೆಯಾಗುತ್ತದೆ. ಹೊಸ ಕಂಪ್ಯೂಟರ್ ಬಂದ ದಿನವೇ ಹಳೆಯ ತಂತ್ರಾಂಶ ನಿಲ್ಲುವುದು ಹೀಗೆ. ಏಸ್ ಎಂಜಿನ್ ಎರಡೂ ಬಗೆಯಲ್ಲಿ ಸಿಗುತ್ತದೆ. ನಿಮ್ಮ ತಂತ್ರಾಂಶ ಎಷ್ಟು ಬಿಟ್‌ನದ್ದೋ ಎಂಜಿನ್ ಕೂಡ ಅಷ್ಟೇ ಬಿಟ್‌ನದ್ದಾಗಿರಬೇಕು.

ಓಡಿಬಿಸಿ (ತಂತ್ರಾಂಶಗಳನ್ನು ಡೇಟಾಬೇಸ್‌ಗೆ ಜೋಡಿಸುವ ಒಂದು ವಿಧಾನ) ಸಂಪರ್ಕ ಹೊಂದಿಸುವಾಗ ಇನ್ನೊಂದು ತೊಡಕು ಕಾದಿರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಓಡಿಬಿಸಿ ನಿರ್ವಾಹಕ ಎರಡಿವೆ. ಸಿಸ್ಟಂ32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್‌ನದ್ದು. ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿರುವುದು 32 ಬಿಟ್‌ನದ್ದು. ಬರೆದದ್ದು ತಪ್ಪಾಗಿಲ್ಲ, ಅವು ಇರುವುದೇ ಹೀಗೆ.

ಟೇಬಲ್‌ಗಳು ತೆರೆಯುತ್ತವೆ, ಫಾರ್ಮ್‌ಗಳು ಮತ್ತು ಗುಂಡಿಗಳು ಕೆಲಸ ಮಾಡುತ್ತಿಲ್ಲ.

ಒಳಗಿನ ವಿಬಿಎ (ಆಫೀಸ್‌ನ ಪ್ರೋಗ್ರಾಂ ಭಾಷೆ) ಸಂಕೇತ 32 ಬಿಟ್‌ಗೆ ಬರೆದದ್ದಾಗಿರಬಹುದು. ವಿಂಡೋಸ್‌ನ ಸೇವೆಗಳನ್ನು ಕರೆಯುವ ಸಾಲುಗಳಿಗೆ 64 ಬಿಟ್ ಆಫೀಸ್‌ನಲ್ಲಿ ಪಿಟಿಆರ್‌ಸೇಫ್ ಎಂಬ ಪದ ಸೇರಿಸಬೇಕಾಗುತ್ತದೆ. ವಿಬಿಎಯ ರೆಫರೆನ್ಸ್ ಪಟ್ಟಿಯಲ್ಲಿ ಯಾವುದಾದರೂ "ಕಾಣೆಯಾಗಿದೆ" ಎಂದು ತೋರಿಸುತ್ತಿದೆಯೇ ಎಂದೂ ನೋಡಿ. ಮಿಂಚಂಚೆಯಲ್ಲಿ ಬಂದ ಅಥವಾ ಇಂಟರ್ನೆಟ್‌ನಿಂದ ಇಳಿಸಿಕೊಂಡ ಫೈಲಾದರೆ 2022ರಿಂದ ಆಫೀಸ್ ಅದರ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತದೆ. ಫೈಲಿನ ಗುಣಲಕ್ಷಣಗಳಲ್ಲಿ ತಡೆ ತೆಗೆಯುವ ಗುರುತು ಇರುತ್ತದೆ. ಕಳುಹಿಸಿದವರು ಯಾರೆಂದು ಖಚಿತವಿದ್ದರೆ ಮಾತ್ರ ತೆಗೆಯಿರಿ.

ಡಿಬಿಎಫ್ ಫೈಲುಗಳಿಗೆ ಇನ್ನೂ ಜೀವ ಇದೆಯೇ?

ಖಂಡಿತ ಇದೆ. ವಿಶುವಲ್ ಫಾಕ್ಸ್‌ಪ್ರೋ 9 ಕೊನೆಯ ಆವೃತ್ತಿ, ಅದರ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಹಾಗಿದ್ದರೂ ಡಿಬಿಎಫ್ ಬಹಳ ಸರಳವಾದ ರೂಪ. ಪ್ರತಿ ದಾಖಲೆಗೂ ಒಂದೇ ಉದ್ದ, ಪಠ್ಯ ಪಠ್ಯವಾಗಿಯೇ ಇರುತ್ತದೆ, ಡಿಬೇಸ್ 3ರಲ್ಲಿ ಸಂಖ್ಯೆಗಳೂ ಅಕ್ಷರ ರೂಪದಲ್ಲೇ ಇರುತ್ತವೆ. ಲಿಬ್ರೆಆಫೀಸ್ ಕ್ಯಾಲ್ಕ್ ಇದನ್ನು ನೇರವಾಗಿ ತೆರೆಯುತ್ತದೆ. ಕೈಬಿಟ್ಟ ಎಲ್ಲ ರೂಪಗಳಲ್ಲಿ ನನಗೆ ಅತ್ಯಂತ ಕಡಿಮೆ ಚಿಂತೆ ಕೊಡುವುದು ಇದೇ.

ಫೈಲ್‌ಮೇಕರ್‌ನ ಹಳೆಯ ಫೈಲ್?

ಫೈಲ್‌ಮೇಕರ್ ಇನ್ನೊಂದು ಡೇಟಾಬೇಸ್ ತಂತ್ರಾಂಶ. ಇಲ್ಲಿ ಮೆಟ್ಟಿಲು ಹತ್ತಬೇಕು. ಎಫ್‌ಪಿ5 ಫೈಲನ್ನು 7ರಿಂದ 11ರವರೆಗಿನ ಯಾವುದಾದರೂ ಆವೃತ್ತಿಯಲ್ಲಿ ತೆರೆದು ಎಫ್‌ಪಿ7 ಮಾಡಿಕೊಳ್ಳಿ. ಅದನ್ನು 2012ರಲ್ಲಿ ಬಂದ 12ನೇ ಆವೃತ್ತಿ ಅಥವಾ ನಂತರದ್ದರಲ್ಲಿ ತೆರೆದರೆ ಇಂದಿನ ರೂಪ ಸಿಗುತ್ತದೆ. ನೇರ ಜಿಗಿತ ಇಲ್ಲ.

ಸರ್ವರ್ ಡೇಟಾಬೇಸ್‌ಗಳಲ್ಲಿಯೂ ಹೀಗೆ ಆಗುತ್ತದೆಯೇ?

ಆಗುತ್ತದೆ, ಅಲ್ಲಿ ಅಪಾಯದ ಬಗೆ ಬೇರೆ.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಕಟ್ಟುನಿಟ್ಟು. ಮುಖ್ಯ ಆವೃತ್ತಿ ಬದಲಾದರೆ ಹಳೆಯ ಡೇಟಾ ಫೋಲ್ಡರನ್ನು ಅದು ಮುಟ್ಟುವುದಿಲ್ಲ. "ಇದು 12ನೇ ಆವೃತ್ತಿಯಲ್ಲಿ ಸಿದ್ಧವಾದದ್ದು, 13ಕ್ಕೆ ಹೊಂದುವುದಿಲ್ಲ" ಎಂಬ ಅರ್ಥದ ಸಂದೇಶ ಕೊಟ್ಟು ನಿಲ್ಲುತ್ತದೆ. ಗಾಬರಿಯಾಗುತ್ತದೆ, ಆದರೆ ಇದು ಒಳ್ಳೆಯ ನಡತೆ, ಏಕೆಂದರೆ ನಿಮ್ಮ ಮಾಹಿತಿಗೆ ಧಕ್ಕೆಯಾಗಿಲ್ಲ. ಹಳೆಯ ಆವೃತ್ತಿಯನ್ನು ಮತ್ತೆ ಸ್ಥಾಪಿಸಿ, ಡಂಪ್ (ಇಡೀ ಮಾಹಿತಿಯ ಹೊರತೆಗೆದ ಪ್ರತಿ) ತೆಗೆದು, ಹೊಸದಕ್ಕೆ ತುಂಬಿ. ಪಿಜಿ ಅಪ್‌ಗ್ರೇಡ್ ಎಂಬ ಸಾಧನವೂ ಇದೆ, ಅದಕ್ಕೂ ಹಳೆಯ ಆವೃತ್ತಿಯ ಪ್ರೋಗ್ರಾಂ ಬೇಕು. ಅದನ್ನು ಲಿಂಕ್ ವಿಧಾನದಲ್ಲಿ (ನಕಲು ಮಾಡದೆ ಹಳೆಯ ಫೈಲುಗಳನ್ನೇ ಬಳಸುವ ವಿಧಾನ) ನಡೆಸಿ ಹೊಸ ಸರ್ವರನ್ನು ಒಮ್ಮೆ ಚಾಲೂ ಮಾಡಿದರೆ ಹಳೆಯದಕ್ಕೆ ಸುರಕ್ಷಿತವಾಗಿ ಮರಳಲಾಗದು.

ಮೈಎಸ್‌ಕ್ಯೂಎಲ್ 8.0.16ರಿಂದೀಚೆಗೆ ಸರ್ವರ್ ಚಾಲೂ ಆಗುವಾಗಲೇ ಹಳೆಯ ಡೇಟಾವನ್ನು ಮೇಲ್ದರ್ಜೆಗೆ ಏರಿಸುತ್ತದೆ. 5.7ರಿಂದ 8.0ಕ್ಕೆ ಹೋದ ಮೇಲೆ ಅದೇ ಫೈಲುಗಳೊಂದಿಗೆ 5.7ಕ್ಕೆ ಹಿಂದಿರುಗುವ ದಾರಿ ಇಲ್ಲ. ಮೊದಲ ಪ್ರಶ್ನೆಯಲ್ಲಿ ಹೇಳಿದ ಅಪವಾದ ಇದು. ಇಲ್ಲಿ ಅಪ್‌ಡೇಟ್‌ಗಿಂತ ಮೊದಲು ತೆಗೆದ ಬ್ಯಾಕಪ್ ಒಂದೇ ಗತಿ. ಫೈಲ್ ಸರಿಯಿದ್ದು ಹಳೆಯ ತಂತ್ರಾಂಶ ಲಾಗಿನ್ ಆಗುತ್ತಿಲ್ಲವಾದರೆ ಪಾಸ್‌ವರ್ಡ್ ಪರಿಶೀಲಿಸುವ ಪದ್ಧತಿ ನೋಡಿ, 8.0ರಲ್ಲಿ ಅದರ ಪೂರ್ವನಿಗದಿ ಬದಲಾಯಿತು.

ಎಸ್‌ಕ್ಯೂಎಲ್ ಸರ್ವರ್ 2000ದ ಬ್ಯಾಕಪ್ 2012ಕ್ಕೆ ನೇರವಾಗಿ ಏರುವುದಿಲ್ಲ. ನಡುವೆ 2005 ಅಥವಾ 2008ರಲ್ಲಿ ತಂಗಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದೋಷ ಸಂದೇಶವೇ ಬಾರದ ಪ್ರಕರಣ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28 (ತಂತ್ರಾಂಶಗಳೆಲ್ಲ ನೆಚ್ಚಿಕೊಳ್ಳುವ ಒಂದು ಮೂಲ ಭಾಗ) ಲಿನಕ್ಸ್‌ನಲ್ಲಿ ಪದಗಳನ್ನು ವರ್ಣಾನುಕ್ರಮದಲ್ಲಿ ಜೋಡಿಸುವ ನಿಯಮಗಳನ್ನು ಬದಲಾಯಿಸಿತು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ತನ್ನ ಪಠ್ಯದ ಇಂಡೆಕ್ಸ್‌ಗಳಿಗೆ ಆ ನಿಯಮಗಳನ್ನೇ ನೆಚ್ಚಿಕೊಂಡಿತ್ತು. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆಯಿತು, ಡೇಟಾಬೇಸ್ ತೆರೆಯಿತು, ಎಲ್ಲವೂ ನಡೆಯುತ್ತಿದೆ ಎಂದು ಕಂಡಿತು. ಆದರೆ ಇದ್ದ ದಾಖಲೆಯನ್ನು ಹುಡುಕಿದರೆ "ಇಲ್ಲ" ಎಂಬ ಉತ್ತರ ಬರಬಹುದಿತ್ತು, ಒಂದೇ ಇರಬೇಕಾದದ್ದು ಎರಡು ಸಲ ದಾಖಲಾಗಬಹುದಿತ್ತು. ನಿಘಂಟಿನ ಪದಗಳ ಕ್ರಮ ಬದಲಾಗಿ, ಪುಟಗಳ ಅಂಚಿನ ಸೂಚಿ ಹಳೆಯದೇ ಉಳಿದಂತೆ. ಇಂಡೆಕ್ಸ್‌ಗಳನ್ನು ಮರುನಿರ್ಮಿಸಿದರೆ ಸರಿಯಾಗುತ್ತದೆ. ಆದರೆ ಮಾಡಬೇಕೆಂದು ಯಾರಾದರೂ ಹೇಳಬೇಕಲ್ಲ. ಆಪರೇಟಿಂಗ್ ಸಿಸ್ಟಂನ ಮುಖ್ಯ ಆವೃತ್ತಿ ಬದಲಿಸಿದಾಗಲೆಲ್ಲ ಪಠ್ಯದ ಇಂಡೆಕ್ಸ್‌ಗಳನ್ನು ಮರುನಿರ್ಮಿಸಿ ಎಂದು ನಾನು ಹೇಳುತ್ತಲೇ ಇರುವುದು ಇದಕ್ಕೇ.

ಫೈಲ್ ತೆರೆಯಿತು, ಆದರೆ ಅಕ್ಷರಗಳೆಲ್ಲ ಕಲಸಿಹೋಗಿವೆ.

ಯೂನಿಕೋಡ್‌ಗೆ ಮೊದಲಿನ ಫೈಲುಗಳು ಕೋಡ್ ಪೇಜ್ ಎಂಬ ಅಕ್ಷರಪಟ್ಟಿಯನ್ನು ಬಳಸುತ್ತಿದ್ದವು. ತೆರೆಯುವಾಗ ಬೇರೆ ಪಟ್ಟಿ ಆರಿಸಿದರೆ ಕಲಬೆರಕೆ ಕಾಣುತ್ತದೆ. ಮುಚ್ಚಿ, ಏನನ್ನೂ ಉಳಿಸದೆ, ಬೇರೆ ಕೋಡ್ ಪೇಜ್ ಆರಿಸಿ ಮತ್ತೆ ತೆರೆಯಿರಿ. ಪಠ್ಯವನ್ನು ನಿರ್ದಿಷ್ಟ ಫಾಂಟ್‌ಗೆ ಕಟ್ಟಿ ಬರೆದಿದ್ದರೆ ಆ ಫಾಂಟ್ ಹಾಕಿದಾಗ ಮಾತ್ರ ಓದಲು ಬರುತ್ತದೆ. ಆ ಫಾಂಟ್‌ನ ಹೆಸರು ತಿಳಿದಿದ್ದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಹುಡುಕುವುದು ಸುಲಭ. ಫಾಂಟ್ ಫೈಲನ್ನೂ ಡೇಟಾಬೇಸ್ ಜೊತೆಗೇ ಜೋಪಾನ ಮಾಡಿ.

ಫೈಲ್ ಪರಿವರ್ತಿಸಿಕೊಡುವ ಜಾಲತಾಣಗಳನ್ನು ಬಳಸಬಹುದೇ?

ಬೇರೆಯವರ ಹೆಸರು, ವಿಳಾಸ, ಆರೋಗ್ಯ, ಹಣಕಾಸಿನ ವಿವರ ಇರುವ ಫೈಲನ್ನು ಬೇಡ. ಅವರು ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು.

ಪರಿವರ್ತನೆ ಸರಿಯಾಗಿದೆ ಎಂದು ನಂಬುವುದು ಹೇಗೆ?

ನಂಬಬೇಡಿ, ಎಣಿಸಿ. ಎಣಿಕೆ ಮಾತ್ರ ಸಾಲದು ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ.

ನನ್ನ ತಂದೆ ಇಪ್ಪತ್ತು ವರ್ಷ ಪ್ರತಿದಿನ ಮಳೆಯ ಅಳತೆ ಬರೆದಿಟ್ಟಿದ್ದರು. ನಾನು ಅದನ್ನು ಒಂದು ಹಳೆಯ ತಂತ್ರಾಂಶದಲ್ಲಿ ತುಂಬಿದ್ದೆ. ಅಪ್‌ಡೇಟ್ ಆದ ದಿನ ಪರಿವರ್ತಿಸಬೇಕೇ ಎಂದು ಅದು ಕೇಳಿತು, ಒಪ್ಪಿದೆ. 7,305 ದಿನಗಳು, 7,305 ಸಾಲುಗಳು. ಲೆಕ್ಕ ಸರಿಹೋಯಿತೆಂದು ನೆಮ್ಮದಿಯಿಂದಿದ್ದೆ. ತಿಂಗಳುಗಳ ನಂತರ ಒಂದು ಬಿರುಗಾಳಿಯ ದಿನದ ಟಿಪ್ಪಣಿ ಓದಬೇಕೆನಿಸಿ ತೆರೆದರೆ, ಕೊನೆಯ ಪದ "ಸಿಡಿ" ಎಂದು ನಿಂತಿತ್ತು. ಸಿಡಿಲು ಎಲ್ಲಿಗೆ ಬಡಿಯಿತು, ಆಮೇಲೆ ಏನಾಯಿತು, ಒಂದೂ ಇಲ್ಲ. ಎಲ್ಲ ಉದ್ದದ ಟಿಪ್ಪಣಿಗಳೂ 255ನೇ ಅಕ್ಷರಕ್ಕೆ ಕತ್ತರಿಸಿಹೋಗಿದ್ದವು. ಮೂಲದ ಒಂದು ಪ್ರತಿ ಹಳೆಯ ಸಿಡಿಯಲ್ಲಿ ಉಳಿದಿತ್ತು. ಇಲ್ಲದಿದ್ದರೆ ತಂದೆಯ ಮಾತುಗಳು ಹೋದಂತೆಯೇ.

ಅಂದಿನಿಂದ ನಾನು ಸಾಲುಗಳನ್ನು ಎಣಿಸಿದ ಮೇಲೆ ಪ್ರತಿ ಪಠ್ಯ ಕಾಲಂನ ಅತಿ ಉದ್ದದ ನಮೂದನ್ನು ಎರಡೂ ಕಡೆ ಅಳೆಯುತ್ತೇನೆ. ಸಂಖ್ಯೆಯ ಕಾಲಂಗಳ ಮೊತ್ತ ಎರಡೂ ಕಡೆ ಒಂದೇ ಇರಬೇಕು. ಖಾಲಿ ನಮೂದುಗಳ ಸಂಖ್ಯೆಯೂ ಒಂದೇ ಇರಬೇಕು, ಏಕೆಂದರೆ ಖಾಲಿ ಮತ್ತು ಸೊನ್ನೆ ಒಂದಲ್ಲ. ಮಳೆ ಬಾರದ ದಿನ ಬೇರೆ, ಅಳತೆ ತೆಗೆಯದ ದಿನ ಬೇರೆ. ದಿನಾಂಕಗಳನ್ನು ಕಣ್ಣಾರೆ ನೋಡಿ. ಅಕ್ಸೆಸ್ ದಿನಾಂಕವನ್ನು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳಾಗಿ ಇಡುತ್ತದೆ. ಹೊರತೆಗೆದ ಫೈಲಿನಲ್ಲಿ 36526 ಎಂದು ಕಂಡರೆ ಹೆದರಬೇಡಿ, ಅದು 2000ದ ಜನವರಿ 1. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದ ಕಾಲಂಗಳಿದ್ದರೆ 30 ಎಂಬುದು 1930 ಆಯಿತೇ 2030 ಆಯಿತೇ ಎಂದು ಒಂದೊಂದಾಗಿ ಪರಿಶೀಲಿಸಿ.

ಮುಂದೆ ಯಾವ ರೂಪದಲ್ಲಿ ಇಟ್ಟರೆ ನಿಶ್ಚಿಂತೆ?

ದಿನನಿತ್ಯದ ಕೆಲಸ ಯಾವುದರಲ್ಲಾದರೂ ಮಾಡಿ. ಕಾಪಿಡುವ ಪ್ರತಿಗೆ ನನ್ನ ಆಯ್ಕೆ ಎಸ್‌ಕ್ಯೂಲೈಟ್, ಅದರ ಜೊತೆಗೆ ಸಿಎಸ್‌ವಿ. ಎಸ್‌ಕ್ಯೂಲೈಟ್ 3ರ ಫೈಲ್ ರೂಪ 2004ರಿಂದ ಹಳೆಯ ಫೈಲುಗಳನ್ನು ಕೈಬಿಟ್ಟಿಲ್ಲ. 2050ರವರೆಗೆ ಬೆಂಬಲ ಮುಂದುವರಿಸುವ ಉದ್ದೇಶವನ್ನು ಅದರ ನಿರ್ಮಾತೃಗಳು ಬಹಿರಂಗವಾಗಿ ಹೇಳಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶವನ್ನು ಕಾಪಿಡಲು ಶಿಫಾರಸು ಮಾಡುವ ರೂಪಗಳಲ್ಲಿ ಅದೂ ಒಂದು.

ಸಿಎಸ್‌ವಿಯನ್ನು ಯಾವ ಪಠ್ಯ ಸಂಪಾದಕದಲ್ಲಾದರೂ ಓದಬಹುದು. ಆದರೆ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಅಭ್ಯಾಸ ಬಿಡಿ. ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳು ಹೋಗುತ್ತವೆ, ದಿನಾಂಕದಂತೆ ಕಾಣುವುದೆಲ್ಲ ದಿನಾಂಕವಾಗುತ್ತದೆ. ಎಕ್ಸೆಲ್ ಹೀಗೆ ಜೀನ್‌ಗಳ ಹೆಸರುಗಳನ್ನು ದಿನಾಂಕ ಮಾಡುತ್ತಿದ್ದುದರಿಂದ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಪ್ರತಿ ಕಾಲಂನ ಅರ್ಥವೇನು, ಅಳತೆಯ ಮಾನ ಯಾವುದು, ಸಂಕೇತಗಳ ವಿವರಣೆ ಏನು ಎಂಬುದನ್ನು ಒಂದು ಸರಳ ಪಠ್ಯ ಫೈಲಿನಲ್ಲಿ ಬರೆದು ಜೊತೆಗಿಡಿ. "ಕಾಲಂ 7ರಲ್ಲಿ 2 ಎಂದರೆ ಏನು?" ಎಂದು ಕೇಳಲು ಬರೆದವರು ಎಂದೆಂದಿಗೂ ಇರುವುದಿಲ್ಲ.

ಹಳೆಯ ಕಂಪ್ಯೂಟರನ್ನು ಇಟ್ಟುಕೊಳ್ಳಬೇಕೇ?

ಕಂಪ್ಯೂಟರ್ ಒಂದು ದಿನ ನಿಲ್ಲುತ್ತದೆ. ಅದು ನಡೆಯುತ್ತಿರುವಾಗಲೇ ಅದರ ಡಿಸ್ಕ್‌ನ ಪೂರ್ಣ ಪ್ರತಿ ತೆಗೆದು ವರ್ಚುವಲ್ ಯಂತ್ರವಾಗಿ (ಇನ್ನೊಂದು ಕಂಪ್ಯೂಟರಿನೊಳಗೆ ತಂತ್ರಾಂಶದಂತೆ ನಡೆಯುವ ಕಂಪ್ಯೂಟರ್) ಮಾಡಿಕೊಳ್ಳಿ. ಆ ಯಂತ್ರಕ್ಕೆ ನೆಟ್‌ವರ್ಕ್ ಸಂಪರ್ಕ ಬೇಡ. ತಂತ್ರಾಂಶದ ಸ್ಥಾಪನಾ ಡಿಸ್ಕ್ ಮತ್ತು ಪರವಾನಗಿ ಸಂಖ್ಯೆ ಸಿಕ್ಕರೆ ಅವನ್ನೂ ಅದರೊಂದಿಗೆ ಇಡಿ. ಫೈಲ್ ಉಳಿದು, ಪರವಾನಗಿ ಸಂಖ್ಯೆ ಬರೆದಿದ್ದ ಪೆಟ್ಟಿಗೆ ಕಸಕ್ಕೆ ಹೋದ ಪ್ರಕರಣಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಎಲ್ಲವೂ ಹೊಸ ರೂಪಕ್ಕೆ ಬಂತು, ಪರೀಕ್ಷೆಯೂ ಆಯಿತು. ಮೂಲ ಫೈಲನ್ನು ಅಳಿಸಬಹುದೇ?

ಬೇಡ. ಅಕ್ಸೆಸ್ 97ರ ಫೈಲ್ ಹೆಚ್ಚೆಂದರೆ 1 ಜಿಬಿ, ಇಂದಿನ ಪೆನ್‌ಡ್ರೈವ್‌ನ ಒಂದು ಮೂಲೆಗೂ ಸಾಲದು. ಅದರ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ಪತ್ತೆಹಚ್ಚುವ ಸಂಖ್ಯೆ) ಬರೆದಿಟ್ಟುಕೊಂಡು ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ನನ್ನ ತಂದೆಯ ಮಳೆಯ ಫೈಲ್ ಈಗ ಮೂರು ಕಡೆ ಇದೆ, ಸಿಡಿಲಿನ ಟಿಪ್ಪಣಿ ಪೂರ್ತಿಯಾಗಿದೆ.